ಹನ್ನೊಂದು ತಿಂಗಳ ವರ್ಷ

ರೈತರ ಹಳೇ ಪಂಚಾಂಗದ ಹಾತೂರ್ ತಿಂಗಳು ಕಾಲಿಟ್ಟಿತ್ತು. ಕಾಲುವೆಯ ಎರಡೂ ಮಗ್ಗುಲಲ್ಲಿ ಗೋಧಿಯ ಬಿತ್ತನೆ. ‘ಹಾತೂರು, ಚಿನ್ನ ಚೆಲ್ಲೋ ತಿಂಗಳು’ ಎಂದು ಹಳಬರು ಹೇಳುತ್ತಿದ್ದುದು ಈ ಬೀಜದ ಕಾಳನ್ನು ಕುರಿತೇ. ನಿಲುವಂಗಿಯ ಮುಂಭಾಗವನ್ನು ಮಡಿಲು ಮಾಡಿ, ಅದರ ತುಂಬ ಕಾಳು ಹೊತ್ತ ಗಂಡಸರು ಬೆಳಗಿನ ಮಂಜಿನಲ್ಲಿ ಒಂದೇ ಅಳತೆಯ ಹೆಜ್ಜೆ ಹಾಕುತ್ತ, ಕೈ ಬೀಸಿ ಎರಚುತ್ತ ನಡೆಯುತ್ತಿದ್ದರು. ಅವರ ಬೆನ್ನಿಗೇ ಬೆಳ್ಳಕ್ಕಿಗಳು. ಏರಿಯ ಮೇಲಿನ ಮಣ್ಣುರಸ್ತೆಯಲ್ಲಿ ಮೂರು ಪಿಕಪ್ ಗಾಡಿಗಳು ಹೆಂಗಸರನ್ನು ನಿಲ್ಲಿಸಿಕೊಂಡು ಹಾಜಿ ಶಿಹಾತಾನ ಹಣ್ಣಿನ ಶೆಡ್ಡಿನ ಕಡೆಗೆ ಕುಲುಕಾಡುತ್ತ ಹೋಗುತ್ತಿದ್ದವು. ಮೊದಲ ಗಾಡಿಯಲ್ಲಿ ಡ್ರೈವರನ ಪಕ್ಕದ ಸೀಟು ಮೇಸ್ತ್ರಿ ಬಸ್ಯೂನಿಯದು.

ದಾಳಿಂಬೆಯ ಕೊನೆಯ ಲೋಡು ಹೋಗಿ ಕಿತ್ತಳೆಯ ಮೊದಲ ಲೋಡು ಬಂದಿತ್ತು. ಔಷಧಿ ಬೆರೆಸಿದ ನೀರಿನ ತೊಟ್ಟಿಯಲ್ಲಿ ಮುಳುಗಿ ಎದ್ದ ಹಣ್ಣು ತಿರುಗುವ ಉರುಳೆಗಳ ಮೇಲೆ ಸಾಲಾಗಿ ಬರುತ್ತದೆ. ಎರಡೂ ಕಡೆ ನಿಂತ ಹೆಂಗಸರು ಕಲೆ ಬಿದ್ದದ್ದು, ಬೂಷ್ಟು ಹತ್ತಿದ್ದು, ಮೆತ್ತಗಾದದ್ದನ್ನು ಆರಿಸಿ ಹಿಂದಿನ ಬುಟ್ಟಿಗೆ ಎಸೆಯಬೇಕು. ಸಂಜೆಯವರೆಗೂ ನಿಂತೇ ಮಾಡುವ ಕೆಲಸ. ಆ ನೀರು ಬೆರಳಿನ ತೊಗಲನ್ನು ಮೊದಲು ಬಿಳುಚಿಸುತ್ತದೆ, ಆಮೇಲೆ ಸುಲಿಯುತ್ತದೆ, ವರ್ಷಗಳು ಕಳೆದ ಮೇಲೆ ಬೆರಳಿನ ಗೆರೆಗಳನ್ನೇ ತಿಂದುಹಾಕುತ್ತದೆ.

“ಮೇಸ್ತ್ರೀ, ನಾಳೆ ಊಟದ ಕರು ಎಷ್ಟು ದೊಡ್ಡದು?” ಸಬ್ರೀನ್ ಹಣ್ಣಿನಿಂದ ಕಣ್ಣೆತ್ತದೆ ಕೂಗಿದಳು. ಮದುವೆಯಾಗಿ ಎರಡು ವರ್ಷವಾದ ಹುಡುಗಿ. ಇಡೀ ಸಾಲಿನಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. “ಹೋದ ವರ್ಷ ನನ್ನ ಪಾಲಿಗೆ ಬರೀ ಮೂಳೆ ಬಂದಿತ್ತು.”

“ನಿನ್ನ ನಾಲಿಗೆಗೆ ಮೂಳೆ ಇಲ್ಲವಲ್ಲ, ಅಲ್ಲಿಗಿಟ್ಕೊಳ್ಳಲಿ ಅಂತ ಕೊಟ್ಟಿದ್ದು,” ಎಂದ ಬಸ್ಯೂನಿ.

ಹೆಂಗಸರು ಗೊಳ್ಳೆಂದು ನಕ್ಕರು. “ನಾಳೆ ನಾವೆಲ್ಲ ಮತ್ತೆ ಮದುವಣಗಿತ್ತೀರು ಕಣ್ರೇ,” ಎಂದಳು ಒಬ್ಬಳು. “ವರ್ಷವರ್ಷ ಹೊಸ ಮದುವೆ, ಅದೇ ಹಳೇ ಗಂಡ!”

ಅವರು ನಗುತ್ತಿದ್ದುದು ‘ಬೆರಳಿನ ಊಟ’ದ ಬಗ್ಗೆ. ಕೆಲಸಕ್ಕೆ ಸೇರಿ ವರ್ಷ ತುಂಬಿದವರಿಗೆ ಸಂಬಳ ಏರಿಸಬೇಕು, ಹಾಗೇ ವರ್ಷಕ್ಕೊಂದು ಸಲ ಏರಿಸುತ್ತಲೇ ಹೋಗಬೇಕು ಎಂದು ಕಾನೂನು. ಹಾಜಿ ಶಿಹಾತಾನ ಶೆಡ್ಡಿನಲ್ಲಿ ಮಾತ್ರ ಯಾರಿಗೂ ವರ್ಷ ತುಂಬುತ್ತಿರಲಿಲ್ಲ. ಹನ್ನೊಂದು ತಿಂಗಳಾಗುತ್ತಲೇ ಹಾಜಿ ಒಂದು ಕರು ಕಡಿಸುತ್ತಿದ್ದ. ಎಲ್ಲರೂ ಉಂಡು, ‘ನನ್ನ ಇಷ್ಟದಿಂದಲೇ ಕೆಲಸ ಬಿಟ್ಟಿದ್ದೇನೆ’ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದರು. ವಾರ ಕಳೆದ ಮೇಲೆ ಅದೇ ಗಾಡಿ ಹತ್ತಿ, ಅದೇ ಜಾಗದಲ್ಲಿ, ಅದೇ ಕೂಲಿಗೆ ಹೊಸಬರಾಗಿ ನಿಲ್ಲುತ್ತಿದ್ದರು. ಕಾಗದದಲ್ಲಿ ಏನಿದೆಯೆಂದು ಎಲ್ಲರಿಗೂ ಗೊತ್ತು. ಆದರೆ ಅದು ಊಟದ ಜೊತೆ ಬರುತ್ತಿತ್ತು, ಊಟದ ಜೊತೆ ಬಂದದ್ದನ್ನು ಯಾರೂ ಅನ್ಯಾಯವೆಂದು ಕರೆದಿರಲಿಲ್ಲ. ಕೂಲಿ ಏರುತ್ತಿದ್ದುದು ಪಕ್ಕದ ಊರಿನ ಶೆಡ್ಡಿನವನು ಹೆಂಗಸರನ್ನು ಸೆಳೆದುಕೊಂಡಾಗ ಮಾತ್ರ. ಅದೂ ಒಂದು ಮೊಟ್ಟೆಯ ಬೆಲೆಯಷ್ಟು.

ಸಾಲಿನ ತುದಿಯಲ್ಲಿ ನಿಂತ ತಫೀದಾ ನಗುವಿಗೆ ಸೇರಲಿಲ್ಲ. ಈಚೆಗೆ ಅವಳಿಗೆ ಕಣ್ಣು ಮಂಜು. ಹಣ್ಣನ್ನು ನೋಡಿ ಆರಿಸುವುದಕ್ಕಿಂತ ಮುಟ್ಟಿ, ಮೂಸಿ ಆರಿಸುತ್ತಿದ್ದಳು. ಶೆಡ್ಡಿಗೆ ತಗಡು ಹೊದಿಸುವ ಮುಂಚಿನಿಂದ ಇಲ್ಲಿದ್ದವಳು ಅವಳೊಬ್ಬಳೇ. ಹದಿನಾಲ್ಕು ವರ್ಷ, ಹದಿನಾಲ್ಕು ಸಲವೂ ಹೊಸಬಳು.

ಬಸ್ಯೂನಿಗೆ ಅವಳು ಹಾಲುತಾಯಿ. ಅವನು ಹುಟ್ಟಿದ ವಾರದಲ್ಲೇ ಹೆತ್ತವಳು ಜ್ವರ ಬಂದು ಮಲಗಿದಾಗ, ನೆರೆಮನೆಯ ತಫೀದಾ ತನ್ನ ಮಗ ರಿಜ್ಕನನ್ನು ಒಂದು ಮಗ್ಗುಲಿಗೂ ಇವನನ್ನು ಇನ್ನೊಂದು ಮಗ್ಗುಲಿಗೂ ಹಾಕಿಕೊಂಡಿದ್ದಳು. ಹಾಗೆ ಹಾಲುಂಡವನಿಗೆ ಅವಳು ತಾಯಿಯೇ, ಅವಳ ಮಕ್ಕಳು ಒಡಹುಟ್ಟಿದವರೇ. ಮನೆಯಲ್ಲಿ ಅವನು ಅವಳನ್ನು ಅಮ್ಮಾ ಎನ್ನುತ್ತಿದ್ದ. ಶೆಡ್ಡಿನಲ್ಲಿ ಎಲ್ಲರಂತೆ ‘ರಿಜ್ಕನ ತಾಯಿ’ ಎಂದು ಕರೆಯುತ್ತಿದ್ದ. ಮೇಸ್ತ್ರಿಯಾದ ಮೇಲೆ ಆದ ಅಭ್ಯಾಸ ಅದು.

ಮಧ್ಯಾಹ್ನ ಹಾಜಿ ಹೇಳಿಕಳುಹಿಸಿದ.

ಹಾಜಿಯ ಕೋಣೆಯಲ್ಲಿ ಕಾದ ಚಹಾದ ಜೊತೆ, ಹಣ್ಣಿಗೆ ಹೊಳಪಿಗೆಂದು ಹಚ್ಚುವ ಮೇಣದ ವಾಸನೆ. ಹಾಜಿ ದಪ್ಪ ಮನುಷ್ಯ, ಮೆಲುದನಿಯವನು, ಯಾರ ಮೇಲೂ ಕೂಗಾಡಿದ್ದಿಲ್ಲ. ಮೂಲೆಯಲ್ಲಿ ಗುಮಾಸ್ತ ಫಿಕ್ರಿ ಕಾಗದಗಳನ್ನು ಜೋಡಿಸುತ್ತಿದ್ದ.

“ಕೂತ್ಕೋ ಬಸ್ಯೂನಿ. ಸಕ್ಕರೆ ಎಷ್ಟು? ಮೂರು ಚಮಚ ತಾನೆ?” ಹಾಜಿ ತಾನೇ ಕಲಸಿ ಲೋಟ ಮುಂದಿಟ್ಟ. “ನಾಳೆ ಎಲ್ಲ ಹೋದ ವರ್ಷದ ಹಾಗೇ. ಊಟ ಮೊದಲು, ಬೆರಳು ಆಮೇಲೆ. ಒಂದೇ ಒಂದು ವ್ಯತ್ಯಾಸ. ಐವತ್ತು ದಾಟಿದೋರನ್ನ ಈ ಸಲ ವಾಪಸ್ ಕರೆಯೋದಿಲ್ಲ.”

ಬಸ್ಯೂನಿ ಲೋಟವನ್ನು ಬಾಯಿಗೆ ತರಲಿಲ್ಲ. “ಐವತ್ತು ದಾಟಿದೋರು ಅಂದ್ರೆ...”

“ಏಳೆಂಟು ಜನ. ಕಣ್ಣು ಕಾಣಲ್ಲ, ಕೈ ನಿಧಾನ. ಹೊರದೇಶಕ್ಕೆ ಹೋಗೋ ಹಡಗಿನಲ್ಲಿ ಒಂದು ಪೆಟ್ಟಿಗೆ ಕೊಳೆತ್ರೆ ಇಡೀ ಲೋಡು ವಾಪಸ್ ಬರ್ತದೆ ಕಣಪ್ಪ. ಅವರಿಗೆ ಈಗ ಹೇಳ್ಬೇಡ. ಬೆರಳು ಒತ್ತಿ ಹೋಗಲಿ, ವಾರ ಆದ್ಮೇಲೆ ಗಾಡಿ ಅವರ ಬಾಗಿಲಲ್ಲಿ ನಿಲ್ಲದೇ ಇದ್ರೆ ತಾವೇ ಅರ್ಥ ಮಾಡ್ಕೋತಾರೆ. ಗಲಾಟೆ ಇಲ್ಲ, ಕಣ್ಣೀರಿಲ್ಲ.”

“ಹಾಜಿಯವರೇ, ರಿಜ್ಕನ ತಾಯಿ ಹದಿನಾಲ್ಕು ವರ್ಷದಿಂದ...”

“ಕಾಗದದಲ್ಲಿ ಹನ್ನೊಂದು ತಿಂಗಳು,” ಎಂದ ಫಿಕ್ರಿ, ತಲೆ ಎತ್ತದೆ.

ಹಾಜಿ ಅವನನ್ನು ಕೈಸನ್ನೆಯಿಂದ ಸುಮ್ಮನಾಗಿಸಿದ. “ನೋಡು, ನಾನೂ ಬೇರೆಯವರ ತೋಟದಲ್ಲಿ ತಲೆ ಮೇಲೆ ಬುಟ್ಟಿ ಹೊತ್ತವನೇ. ನನಗ್ಯಾರು ವರ್ಷವರ್ಷ ಏರಿಸಿದ್ರು? ಡೀಸೆಲ್ ಏರ್ತು. ರಟ್ಟಿನ ಪೆಟ್ಟಿಗೆ ಏರ್ತು. ಹಡಗಿನ ಬಾಡಿಗೆ ಏರ್ತು. ಯಾವುದೂ ನನ್ನ ಕೇಳಿ ಏರಲಿಲ್ಲ. ನನ್ನ ಕೇಳಿ ಏರೋದು ಕೂಲಿ ಒಂದೇ. ಅದನ್ನೂ ಕೈ ಬಿಟ್ರೆ ಶೆಡ್ಡಿಗೆ ಬೀಗ. ಆಮೇಲೆ ಊರಿನ ಹೆಂಗಸರು ಯಾರ ಬಾಗಿಲಿಗೆ ಹೋಗ್ತಾರೆ? ಏರಿಸೋಕೆ ನಾನೇನು ಸರ್ಕಾರವಾ, ಖಜಾನೆ ಇಟ್ಕೊಂಡಿದೀನಾ?”

ಮಾತಿನಲ್ಲಿ ಸುಳ್ಳಿರಲಿಲ್ಲ. ಕಿಟಕಿಯಾಚೆ ಈ ಬೇಸಿಗೆಯಲ್ಲಿ ಕೊಂಡ ಬಿಳಿಯ ಕಾರು ನಿಂತಿತ್ತು, ಅದೂ ಸುಳ್ಳಾಗಿರಲಿಲ್ಲ.

“ನಿನಗೆ ಈ ತಿಂಗಳಿಂದಲೇ ಏರಿಸಿದೀನಿ,” ಹಾಜಿ ಅವನ ತೊಡೆ ತಟ್ಟಿದ. “ಮಗಳ ಮದುವೆ ಸಾಮಾನು ಕೊಳ್ಳಬೇಕಲ್ಲ? ನಾನು ಮರೆಯೋನಲ್ಲ.”

ಬಸ್ಯೂನಿ ಚಹಾ ಕುಡಿದ. ಮೂರು ಚಮಚ ಸಕ್ಕರೆ ಬಾಯಲ್ಲೇ ಅಂಟಿತ್ತು. ಹೊರಗೆ ಬಂದು ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿದ. ಮತ್ತೆ ಮುಕ್ಕಳಿಸಿದ.

ಸಂಜೆ ಊರಿನ ಬಾಗಿಲಲ್ಲಿ ಗಾಡಿಗಳು ನಿಂತಾಗ ತಫೀದಾ ಇಳಿದು, ಅವನ ಕಿಟಕಿಯ ಬಳಿ ಬಂದಳು. ಅತ್ತಿತ್ತ ನೋಡಿ, ಕಪ್ಪು ಸೆರಗಿನೊಳಗಿಂದ ಬಲಗೈ ತೆಗೆದು ಹೆಬ್ಬೆರಳನ್ನು ಅವನ ಮುಖದ ಮುಂದೆ ಹಿಡಿದಳು.

“ನೋಡು ಮಗಾ, ಏನಾದ್ರೂ ಬಂದಿದೆಯಾ?”

“ಏನು ಬರ್ಬೇಕಮ್ಮಾ?”

“ಗೆರೆ ಕಣೋ, ಗೆರೆ. ಹೋದ ವರ್ಷ ಮೂರು ಸಲ ಒತ್ತಿದ್ರೂ ಬರೀ ಮಸಿ ಮುದ್ದೆ ಬಂತು ಅಂತ ಆ ಫಿಕ್ರಿ ಎಲ್ಲರ ಮುಂದೆ ಬೈದನಲ್ಲ, ‘ಮುದುಕಿ, ನಿನಗೆ ಬೆರಳೂ ಇಲ್ವಾ’ ಅಂತ. ಅದಕ್ಕೇ ಹತ್ತು ದಿನದಿಂದ ರಾತ್ರಿ ಎಣ್ಣೆ ತಿಕ್ಕಿ, ಬಟ್ಟೆ ಸುತ್ಕೊಂಡು ಮಲಗ್ತಿದೀನಿ. ನಾಳೆ ಒಂದೇ ಏಟಿಗೆ ಮೂಡಿಬಿಡಬೇಕು. ನಿನ್ನ ಮರ್ಯಾದೆನೂ ಹೋಗಬಾರದು ನೋಡು, ಕೈ ಹಿಡಿದು ಒತ್ತಿಸೋನು ನೀನಲ್ವಾ.”

ಹೆಬ್ಬೆರಳು ಸುಲಿದ ಮೊಟ್ಟೆಯ ಹಾಗೆ ನುಣ್ಣಗಿತ್ತು. ಎಣ್ಣೆಯಿಂದ ಹೊಳೆಯುತ್ತಿತ್ತು.

“ಬಂದಿದೆ,” ಎಂದ ಬಸ್ಯೂನಿ. “ಸ್ವಲ್ಪ ಬಂದಿದೆ.”

“ಹೌದಾ? ದೇವರು ದೊಡ್ಡವನು,” ಎಂದು ಅವಳು ಬೆರಳಿಗೆ ಮತ್ತೆ ಬಟ್ಟೆ ಸುತ್ತಿಕೊಂಡು, ಪಾರ್ಶ್ವವಾಯು ಹೊಡೆದು ಮಲಗಿದ ಗಂಡನಿಗೆ ಮಾತ್ರೆ ಕೊಡುವ ಹೊತ್ತಾಯಿತೆಂದು ಬೇಗ ಬೇಗ ನಡೆದಳು. ರಿಜ್ಕ ಅಲೆಕ್ಸಾಂಡ್ರಿಯಾದ ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಅವನ ದುಡಿಮೆ ಅವನ ಮಕ್ಕಳ ಹೊಟ್ಟೆಗೇ ಸಾಲುತ್ತಿರಲಿಲ್ಲ. ಆ ಮಾತ್ರೆ ಬರುತ್ತಿದ್ದುದು ಶೆಡ್ಡಿನ ಕೂಲಿಯಿಂದ.

ಮನೆಯಲ್ಲಿ ಹೆಂಡತಿ ಅವಾತಿಫ್ ಬೇಯಿಸಿದ ಅವರೆಕಾಳು, ರೊಟ್ಟಿ, ಈರುಳ್ಳಿ ತಂದಿಟ್ಟಳು. ಅವನು ರೊಟ್ಟಿ ಮುರಿದು ಹಾಗೇ ಹಿಡಿದುಕೊಂಡು ಕೂತ. ವಿಷಯ ಕೇಳಿದ ಅವಾತಿಫ್ ಈರುಳ್ಳಿಯ ಸಿಪ್ಪೆ ಬಿಡಿಸುತ್ತ ಕೂತಳು.

“ನೀವು ಒತ್ತಿಸದೇ ಇದ್ರೆ ಇನ್ನೊಬ್ಬ ಒತ್ತಿಸ್ತಾನೆ,” ಎಂದಳು. “ಫ್ರಿಜ್ಜು ಕೊಡದೆ ಹುಡುಗನ ಕಡೆಯವರು ದಿನ ಗೊತ್ತು ಮಾಡಲ್ಲ ಅಂತಿದಾರೆ. ನಾನು ಏನು ಹೇಳ್ಲಿ?”

“ಏನೂ ಹೇಳ್ಬೇಡ.”

“ಅವರ ಎದೆ ಹಾಲು ಕುಡಿದೋರು ನೀವು. ನಾನಲ್ಲ. ನಾನು ಹೇಳಿದ್ರೆ ನನಗೆ ಪಾಪ ಸುತ್ಕೊಳ್ಳುತ್ತೆ.” ಅವಳು ತಟ್ಟೆಯನ್ನು ಹಾಗೇ ಎತ್ತಿಕೊಂಡು ಹೋದಳು.

ಮರುದಿನ ಮಧ್ಯಾಹ್ನ ಉರುಳೆಗಳನ್ನು ನಿಲ್ಲಿಸಿ, ನೆಲ ತೊಳೆದು, ಚಾಪೆ ಹಾಸಿದರು. ರೊಟ್ಟಿಯ ಚೂರು, ಅನ್ನ, ಬೆಳ್ಳುಳ್ಳಿ ಒಗ್ಗರಣೆಯ ಸಾರು ಸುರಿದ ಫತ್ತಾದ ದೊಡ್ಡ ತಾಂಬಾಳಗಳು ಬಂದವು. ಮೇಲೆ ಬೆಂದ ಮಾಂಸದ ತುಂಡುಗಳು. ಹೆಂಗಸರು ನಾಲಿಗೆ ಹೊರಳಿಸಿ ಲುಲುಲು ಎಂದು ಸಂತೋಷದ ಕೂಗೆಬ್ಬಿಸಿದರು. ಹಾಜಿ ಚಾಪೆಯಿಂದ ಚಾಪೆಗೆ ನಡೆಯುತ್ತ, “ತಿನ್ನಿ ತಿನ್ನಿ, ನಾವೂ ನೀವೂ ಒಂದೇ ರೊಟ್ಟಿ ಒಂದೇ ಉಪ್ಪು ತಿಂದೋರು,” ಎನ್ನುತ್ತಿದ್ದ.

ಆ ಉಪ್ಪಿನಲ್ಲೇ ಎಲ್ಲ ಇತ್ತು. ಒಬ್ಬರ ರೊಟ್ಟಿ, ಉಪ್ಪು ತಿಂದ ಮೇಲೆ ಅವರ ಮಾತು ತೆಗೆದುಹಾಕುವವರು ಈ ಸೀಮೆಯಲ್ಲಿ ಇಲ್ಲ. ಊಟ ಮೊದಲು, ಬೆರಳು ಆಮೇಲೆ ಎಂದು ಹಾಜಿ ಇಟ್ಟ ಕ್ರಮದ ಜಾಣತನ ಬಸ್ಯೂನಿಗೆ ಇಷ್ಟು ವರ್ಷ ಕಂಡಿರಲಿಲ್ಲ. ಕಂಡರೂ ಕಾಣದಂತೆ ಇದ್ದನೋ ಏನೋ.

ಹಾಜಿ ಅವನೆದುರು ಕುಕ್ಕರಗಾಲಿನಲ್ಲಿ ಕೂತು, ಒಳ್ಳೆಯದೊಂದು ತುಂಡನ್ನು ಆರಿಸಿ, ಮೂಳೆಯಿಂದ ಬಿಡಿಸಿ, ತನ್ನ ಕೈಯಿಂದಲೇ ಅವನ ಬಾಯಿಗಿಟ್ಟ. ಎಲ್ಲರೂ ನೋಡುತ್ತಿದ್ದರು. ಅದು ದೊಡ್ಡ ಮರ್ಯಾದೆ. ಹಾಜಿಯ ಬೆರಳು ಅವನ ತುಟಿಗೆ ತಾಗಿತು. ಬೆರಳಿಗೆ ಕೊಬ್ಬಿನ ಜಿಡ್ಡು. ಬಸ್ಯೂನಿ ಅಗಿದ. ತುಂಡು ಹತ್ತಿಯ ಹಾಗೆ ಊದುತ್ತ ಹೋಯಿತು. ಮೂಲೆಯ ಮೇಜಿನ ಮೇಲೆ ಫಿಕ್ರಿ ಮಸಿಯ ಡಬ್ಬಿ ತೆರೆದಿಟ್ಟಿದ್ದ. ಪಕ್ಕದಲ್ಲಿ ಒಂದು ಬುಟ್ಟಿ ಕಿತ್ತಳೆ ಸಿಪ್ಪೆ. ಒತ್ತಿದ ಮೇಲೆ ಹೆಬ್ಬೆರಳಿಗೆ ಆ ಸಿಪ್ಪೆ ತಿಕ್ಕಿದರೆ ಮಸಿ ಹೋಗುತ್ತದೆ. ಕೊಬ್ಬು, ಮಸಿ, ಸಿಪ್ಪೆಯ ಎಣ್ಣೆ ಮೂರೂ ಸೇರಿದ ಆ ವಾಸನೆ ಒಮ್ಮೆಲೇ ಅವನ ಮೂಗಿಗೆ ಬಡಿಯಿತು.

ಎದ್ದು ಶೆಡ್ಡಿನ ಹಿಂದಕ್ಕೆ ಓಡಿದ. ಆರಿಸಿ ಎಸೆದ ಹಣ್ಣಿನ ರಾಶಿ ಅಲ್ಲಿ ಹಸಿರು ಬೂಷ್ಟು ಹಿಡಿದು ಬಿದ್ದಿತ್ತು. ನುಸಿಗಳು ಮುಖಕ್ಕೆ ಹಾರಿದವು. ಅವನು ಬಾಯಲ್ಲಿದ್ದದ್ದನ್ನು ಉಗಿದ. ತನ್ನ ಕೈಗಳನ್ನು ನೋಡಿಕೊಂಡ. ಇಷ್ಟು ವರ್ಷ ಇಷ್ಟು ಹೆಬ್ಬೆರಳುಗಳನ್ನು ಹಿಡಿದು ಒತ್ತಿದ ಕೈ. ಅದನ್ನು ನಿಲುವಂಗಿಗೆ ಒರೆಸಿಕೊಂಡ. ಅದರಿಂದ ಏನೂ ಆಗಲಿಲ್ಲ.

ಒಳಗೆ ಬಂದಾಗ ಸಾಲು ನಿಂತಿತ್ತು. ಹಿರಿಯಳ ಬೆರಳು ಮೊದಲು ಬಿದ್ದರೆ ಬರಕತ್ತು, ಶುಭ ಎಂದು ತಫೀದಾಳನ್ನೇ ಮುಂದೆ ನಿಲ್ಲಿಸುವುದು ವಾಡಿಕೆ. ಅವಳು ಬೆರಳಿನ ಬಟ್ಟೆ ಬಿಚ್ಚಿ, ಅದನ್ನು ಮಡಿಸಿ ಅಂಗಿಯ ತೋಳಿನೊಳಗೆ ಸಿಕ್ಕಿಸಿಕೊಂಡು, ಶಾಲೆಗೆ ಸೇರಲು ಬಂದ ಮಗುವಿನಂತೆ ಕೈ ಮುಂದೆ ಚಾಚಿ ನಿಂತಿದ್ದಳು.

ಬಸ್ಯೂನಿ ಆ ಹೆಬ್ಬೆರಳನ್ನು ಹಿಡಿದ. ಬೆಚ್ಚಗಿತ್ತು. ಅದನ್ನು ಅವಳ ಅಂಗೈಯೊಳಕ್ಕೆ ಮಡಿಸಿದ. ಅದರ ಮೇಲೆ ಅವಳ ನಾಲ್ಕು ಬೆರಳುಗಳನ್ನೂ ಮಡಿಸಿ, ಮುಷ್ಟಿಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ.

“ಒತ್ತಬೇಡಮ್ಮಾ,” ಎಂದ.

ಶೆಡ್ಡಿನಲ್ಲಿ ಅವನು ಅವಳನ್ನು ಅಮ್ಮಾ ಎಂದು ಕರೆದದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಹಿಂದೆ ನಿಂತವರು ಕತ್ತು ಚಾಚಿದರು.

“ಯಾಕೋ? ಗೆರೆ ಬಂದಿದೆ ಅಂದ್ಯಲ್ಲ?”

“ಸುಳ್ಳು ಹೇಳ್ದೆ. ನೀನು ಒತ್ತಿದ್ರೆ ವಾರ ಬಿಟ್ಟು ಗಾಡಿ ನಿನ್ನ ಬಾಗಿಲಿಗೆ ಬರೋದಿಲ್ಲ. ಐವತ್ತು ದಾಟಿದ ಯಾರ ಬಾಗಿಲಿಗೂ ಬರೋದಿಲ್ಲ. ನಿಮಗೆ ಹೇಳ್ಬೇಡ ಅಂತ ನನಗೆ ಹೇಳಿದಾರೆ. ಒತ್ತದೇ ಇದ್ರೆ ಮುಂದಿನ ತಿಂಗಳು ವರ್ಷ ತುಂಬ್ತದೆ. ತುಂಬಲಿ. ಒಂದು ಸಲ ತುಂಬಲಿ.”

ಹಾಜಿ ನಿಧಾನವಾಗಿ ಮೇಜಿನ ಬಳಿ ಬಂದ. ಆಗಲೂ ದನಿ ಏರಿಸಲಿಲ್ಲ. “ಬಸ್ಯೂನಿ, ಬಾಯಲ್ಲಿ ನನ್ನ ಉಪ್ಪು ಇನ್ನೂ ಆರಿಲ್ಲ.”

“ಅದನ್ನ ಹೊರಗೆ ಉಗಿದು ಬಂದಿದೀನಿ ಹಾಜಿಯವರೇ. ಈಕೆಯ ಹಾಲು ಉಗಿಯೋಕೆ ಬರೋದಿಲ್ಲ.”

“ಹಾಗಾದ್ರೆ ನಿನ್ನ ರಾಜೀನಾಮೆ ನೀನು ಸೇರಿದ ದಿನವೇ ಬರೆದುಕೊಟ್ಟದ್ದು ನನ್ನ ಪೆಟ್ಟಿಗೇಲಿದೆ. ತಾರೀಕು ಹಾಕೋದೊಂದು ಬಾಕಿ.”

“ಹಾಕ್ಕೊಳ್ಳಿ. ಫಿಕ್ರಿಯವರ ಅಕ್ಷರ ಚೆನ್ನಾಗಿದೆ.”

ಹಾಜಿ ಹೆಂಗಸರ ಕಡೆ ತಿರುಗಿದ. “ನೋಡ್ರಮ್ಮಾ, ಇವನ ಮಾತು ಕೇಳಿ ಹಾಳಾಗಬೇಡಿ. ಈ ಬಾಗಿಲು ಮುಚ್ಚಿದ್ರೆ ಇನ್ನೊಂದು ಎಲ್ಲಿದೆ ಹೇಳಿ. ವಯಸ್ಸಾದೋರನ್ನ ನಾನು ಹೊರಗೆ ಹಾಕ್ತಿದೀನಾ? ವಿಶ್ರಾಂತಿ ಕೊಡ್ತಿದೀನಿ. ನಾನು ನಿಮ್ಮ ತಂದೆ ಸಮಾನ.”

“ತಂದೆ ಆದೋನು ಮಕ್ಕಳನ್ನ ವರ್ಷವರ್ಷ ಹೊಸದಾಗಿ ಹುಟ್ಟಿಸ್ತಾನಾ ಹಾಜೀ?” ಎಂದಳು ಸಬ್ರೀನ್. ಯಾರೂ ನಗಲಿಲ್ಲ. ಅವಳು ತನ್ನ ಹೆಬ್ಬೆರಳನ್ನು ಮಡಿಸಿ ಮುಷ್ಟಿ ಕಟ್ಟಿದಳು. “ನಾನೂ ಒತ್ತಲ್ಲ. ನಾಳೆ ಬೆಳಿಗ್ಗೆ ಕೆಲಸಕ್ಕೆ ಬರ್ತೀನಿ. ಬಿಟ್ಟಿಲ್ಲ ಅಂದ್ಮೇಲೆ ಬರ್ಬೇಕಲ್ಲ? ಗಾಡಿ ಕಳಿಸದೇ ಇದ್ರೆ ನಡ್ಕೊಂಡೇ ಬರ್ತೀನಿ.”

ಒಬ್ಬಳ ಹಿಂದೆ ಒಬ್ಬಳು ಸಾಲು ಬಿಟ್ಟು ಚಪ್ಪಲಿ ಹುಡುಕಿಕೊಳ್ಳತೊಡಗಿದರು. ಎಲ್ಲರೂ ಅಲ್ಲ. ಕೆಲವರು ಮೇಜಿನ ಬಳಿಯೇ ತಲೆ ತಗ್ಗಿಸಿ ನಿಂತರು. ಮೂರು ಮಕ್ಕಳ ವಿಧವೆ ನವಾಲ್ ಯಾರ ಮುಖವನ್ನೂ ನೋಡದೆ ಮುಂದೆ ಬಂದು, ಯಾರೂ ಕೈ ಹಿಡಿಯದಿದ್ದರೂ ತಾನೇ ಮಸಿಗೆ ಅದ್ದಿ ಒತ್ತಿದಳು. ಸಬ್ರೀನ್ ಏನೋ ಅನ್ನಲು ಬಾಯಿ ತೆರೆದಳು.

“ಸುಮ್ನಿರೇ,” ಎಂದಳು ತಫೀದಾ. “ಅವಳ ಮನೇಲಿ ಹಿಟ್ಟಿನ ಮಡಕೆ ಬರಿದಾಗಿದೆ. ಬೆರಳು ಅವಳದು.” ನವಾಲಳ ಕಡೆ ತಿರುಗಿ, “ಸಿಪ್ಪೆ ಚೆನ್ನಾಗಿ ತಿಕ್ಕೊಳ್ಳಮ್ಮಾ, ಮಕ್ಕಳಿಗೆ ಉಣ್ಣಿಸೋ ಕೈ,” ಎಂದಳು.

ನವಾಲ್ ಬಿಕ್ಕಿ ಬಿಕ್ಕಿ ಅತ್ತಳು.

ಗಾಡಿಗಳು ಹೊರಡಲಿಲ್ಲ. ಡ್ರೈವರುಗಳು ಹಾಜಿಯ ಮುಖ ನೋಡಿ ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಹೆಂಗಸರು ಕಾಲುವೆಯ ಏರಿಯ ಮೇಲೆ ಗುಂಪಾಗಿ ನಡೆದರು. ಇಳಿಬಿಸಿಲು. ಹಿಂದಿನ ದಿನದ ಬಿತ್ತನೆ ಇನ್ನೂ ಮುಗಿದಿರಲಿಲ್ಲ. ಎರಚಿದ ಕಾಳು ಒದ್ದೆ ಮಣ್ಣಿನ ಮೇಲೆ ಅಲ್ಲಲ್ಲಿ ಮಿನುಗುತ್ತಿತ್ತು. ನಾಳೆ ಬಾಗಿಲು ತೆರೆಯುತ್ತಾರೋ ಇಲ್ಲವೋ, ತಿಂಗಳು ತುಂಬುವವರೆಗೆ ಈ ಗುಂಪಿನಲ್ಲಿ ಎಷ್ಟು ಮಂದಿ ಉಳಿಯುತ್ತಾರೋ, ಯಾರಿಗೂ ಗೊತ್ತಿರಲಿಲ್ಲ. ಬಸ್ಯೂನಿ ಎಲ್ಲರಿಗಿಂತ ಹಿಂದೆ, ತಫೀದಾಳ ನಡಿಗೆಗೆ ತನ್ನ ನಡಿಗೆಯನ್ನು ಹೊಂದಿಸಿಕೊಂಡು ಬರುತ್ತಿದ್ದ. ಏಳು ವರ್ಷ ಗಾಡಿಯ ಮುಂದಿನ ಸೀಟಿನಲ್ಲಿ ಕೂತು ಹೋದ ದಾರಿ ಇಷ್ಟು ಉದ್ದವೆಂದು ಅವನಿಗೆ ಗೊತ್ತಿರಲಿಲ್ಲ.

“ಉಂಡ್ಯಾ?” ಎಂದಳು ತಫೀದಾ.

“ಇಲ್ಲ.”

ಅವಳು ಎಡಗೈಯಿಂದಲೇ ಸೆರಗಿನ ಗಂಟು ಬಿಚ್ಚಿದಳು. ಬೆಳಿಗ್ಗೆ ಮನೆಯಿಂದ ತಂದ ರೊಟ್ಟಿ, ಅದರೊಳಗೆ ಜಾಡಿಯಲ್ಲಿ ಹುಳಿಬಂದ ಹಳೇ ಚೀಸು. ಊಟದ ದಿನವೂ ಅವಳು ಬುತ್ತಿ ಬಿಟ್ಟು ಬರುತ್ತಿರಲಿಲ್ಲ. ಇನ್ನೊಬ್ಬರ ತಾಂಬಾಳದ ಮೇಲೆ ನಂಬಿಕೆಯಿಟ್ಟು ಹೊರಡುವ ಹೆಂಗಸಲ್ಲ. ರೊಟ್ಟಿಯನ್ನು ಎದೆಗೊತ್ತಿ ಹಿಡಿದು, ಆ ಕೈಯಲ್ಲೇ ಅರ್ಧ ಮುರಿದು ಅವನಿಗೆ ಕೊಟ್ಟಳು. ಅವನು ನಡೆಯುತ್ತಲೇ ತಿಂದ. ಖಾರ, ಉಪ್ಪು, ಹುಳಿ. ಗಂಟಲಲ್ಲಿ ಸರಾಗವಾಗಿ ಇಳಿಯಿತು.

“ಅಮ್ಮಾ,” ಎಂದ ಸ್ವಲ್ಪ ದೂರ ನಡೆದ ಮೇಲೆ, “ಇವತ್ತು ಮಾಡಿದ್ದಕ್ಕೆ ಆ ಹಾಲಿನ ಋಣ ಏನಾದ್ರೂ ತೀರ್ತಾ?”

ತಫೀದಾ ಯೋಚಿಸಿದಳು. ಹಣ್ಣು ಕೈಗೆ ಬಂದಾಗ ಯೋಚಿಸುವಷ್ಟೇ ಹೊತ್ತು.

“ಒಂದು ಗುಟುಕಿನದು ತೀರಿರಬೋದು ಮಗಾ,” ಎಂದಳು. “ನೀನು ಬಲೇ ಹೊಟ್ಟೆಬಾಕ. ರಿಜ್ಕನ ಪಾಲೂ ಕುಡಿದಿದೀಯ.”

ಅವಳ ಬಲಗೈ ಇನ್ನೂ ಮುಷ್ಟಿಯಾಗಿಯೇ ಇತ್ತು. ಬಿಡಿಸಲು ಮರೆತಿದ್ದಳು.